ನಮ್ಮ ಪ್ರಾಗ್ ಪ್ರತಿನಿಧಿಯಿಂದ

೨೯ ಆಗಸ್ಟ್ ೨೦೨೨, ಸೋಮವಾರ
ರಾಂಚೊ ಬರ್ನಾರ್ಡೊ

ಕೆಲಸ ಹೋಗಿ ಇವತ್ತಿಗೆ ಹದಿನೆಂಟು ದಿನ. ಇಪ್ಪತ್ತೆರಡು ವರ್ಷ ನಾನು ಮೋಡೆಮ್‌ಗಳ ಕೈಪಿಡಿ ಬರೆದವನು. ವೈರನ್ನು ಇಲ್ಲಿ ಸಿಕ್ಕಿಸಿ, ಹಸಿರು ದೀಪ ಬರುವ ತನಕ ಕಾಯಿರಿ, ಬಾರದಿದ್ದರೆ ಈ ನಂಬರಿಗೆ ಫೋನ್ ಮಾಡಿ. ಇನ್ನು ಮೇಲೆ ಕಂಪನಿ ಕೈಪಿಡಿಯನ್ನೇ ಕೊಡುವುದಿಲ್ಲವಂತೆ, ವಿಡಿಯೊ ಮಾಡಿ ಹಾಕುತ್ತದಂತೆ.

ಬೆಳಿಗ್ಗೆ ನಿರುಪಮಾ ಆಫೀಸಿಗೆ ಹೊರಡುವ ಮುಂಚೆ ಈ ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟು, "ರೀ, ಏನಾದ್ರೂ ಬರೀರಿ. ಸುಮ್ನೆ ಗೋಡೆ ನೋಡ್ಕೊಂಡು ಕೂತ್ಕೋಬೇಡಿ" ಎಂದಳು. ಕನ್ನಡ ಬರೆದು ಮೂವತ್ತು ವರ್ಷವಾಯಿತು. ಒತ್ತಕ್ಷರ ಬಂದಾಗ ಕೈ ತಡೆಯುತ್ತದೆ.

ಶನಿವಾರ ಮಗಳನ್ನು ಲಾಸ್ ಏಂಜಲೀಸ್ ಏರ್‌ಪೋರ್ಟಿಗೆ ಬಿಟ್ಟು ಬಂದೆವು. ನಮ್ರತಾ ಪತ್ರಿಕೋದ್ಯಮದ ಮೂರನೇ ವರ್ಷದಲ್ಲಿದ್ದಾಳೆ. ಒಂದು ಸೆಮಿಸ್ಟರ್ ಹೊರದೇಶದಲ್ಲಿ ಓದಬೇಕು. ಲಂಡನ್ ಇತ್ತು, ಮ್ಯಾಡ್ರಿಡ್ ಇತ್ತು. ಇವಳು ಪ್ರಾಗ್ ಆರಿಸಿಕೊಂಡಳು. ಯಾಕೆ ಎಂದು ಅವಳ ಅಮ್ಮ ಕೇಳಿದ್ದಕ್ಕೆ, "ಬಿಕಾಸ್ ಅಪ್ಪಾ ವಾಸ್ ದೇರ್" ಎಂದಳು. ಆ ಮಾತು ಕೇಳಿ ನನಗೆ ಬಹಳ ಖುಷಿಯಾಯಿತು.

ಎಂಬತ್ತೆಂಟರಿಂದ ತೊಂಬತ್ತರವರೆಗೆ ನಾನು ಪ್ರಾಗ್‌ನಲ್ಲಿ ಪತ್ರಿಕೋದ್ಯಮ ಓದಿದೆ. ಆಗಿನ್ನೂ ಅದು ಕಮ್ಯುನಿಸ್ಟ್ ದೇಶ. ಏಷ್ಯಾ, ಆಫ್ರಿಕಾದ ಹುಡುಗರಿಗೆ ವರದಿಗಾರಿಕೆ ಕಲಿಸಲು ಅಲ್ಲೊಂದು ಶಾಲೆ ನಡೆಸುತ್ತಿದ್ದರು. ಊಟ, ವಸತಿ, ಉಣ್ಣೆಯ ಕೋಟು ಎಲ್ಲ ಅವರದೇ. ನನ್ನನ್ನು ಕಳಿಸಿದ್ದು ದಾವಣಗೆರೆಯ 'ದುಡಿಮೆ ವಾರ್ತೆ' ಎಂಬ ವಾರಪತ್ರಿಕೆ. ಹತ್ತಿ ಗಿರಣಿಯ ಕೆಂಬಾವುಟದ ಕಾರ್ಮಿಕ ಸಂಘದ ಪತ್ರಿಕೆ. ನನ್ನ ವರದಿಗಳ ತಲೆಯ ಮೇಲೆ 'ನಮ್ಮ ಪ್ರಾಗ್ ಪ್ರತಿನಿಧಿಯಿಂದ' ಎಂದು ದಪ್ಪ ಅಕ್ಷರದಲ್ಲಿ ಹಾಕುತ್ತಿದ್ದರು. ಇಪ್ಪತ್ತಾರು ವರ್ಷದ ಹುಡುಗನಿಗೆ ಅದು ಸಣ್ಣ ಮಾತಾಗಿರಲಿಲ್ಲ.

ಏರ್‌ಪೋರ್ಟಿನಿಂದ ವಾಪಸಾಗುವಾಗ ಸುತ್ತು ಹಾಕಿಕೊಂಡು ವೆಸ್ಟ್ ಕೊವಿನಾಕ್ಕೆ ಹೋಗಿ ಗುಲಾಮ್ ಮೊಹಿಯುದ್ದೀನನ ಅಂಗಡಿಯಲ್ಲಿ ಒಂದು ಗಂಟೆ ಕೂತಿದ್ದೆವು. ಮೊಹಿಯುದ್ದೀನ್ ಮೈಸೂರಿನವನು. ಪ್ರಾಗ್‌ನ ಆ ಶಾಲೆಯಲ್ಲಿ ಕನ್ನಡದವರು ನಾವಿಬ್ಬರೇ, ಒಂದೇ ಕೋಣೆ. ಆಮೇಲೆ ಹದಿನಾಲ್ಕು ವರ್ಷ ಒಬ್ಬರ ಸುದ್ದಿ ಒಬ್ಬರಿಗಿರಲಿಲ್ಲ. ಪಕ್ಕದ ಡೈಮಂಡ್ ಬಾರ್ ಎಂಬ ಊರಿನಲ್ಲಿ ಒಂದು ಯುಗಾದಿ ಊಟಕ್ಕೆ ಹೋದಾಗ ಮೆನು ಕಾರ್ಡ್ ಅಚ್ಚು ಹಾಕಿ ತಂದವನು ಅವನೇ ಆಗಿದ್ದ. ಬ್ಯಾನರು, ಮದುವೆ ಕಾಗದ, ಅಂಗಡಿ ಬೋರ್ಡು, ಅದೇ ಅವನ ಮತ್ತು ಅವನ ಹೆಂಡತಿ ನಿಗಾರ್‌ಳ ವ್ಯಾಪಾರ. ನಮ್ರತಾ ಪ್ರಾಗ್‌ಗೆ ಹೋದಳು ಎಂದಾಗ, "ಚಳಿ ಬಟ್ಟೆ ಸರಿಯಾಗಿ ತಗೊಂಡೋಗಿದಾಳಾ?" ಎಂದಷ್ಟೇ ಕೇಳಿದ. ಆ ಕಾಲದ ಮಾತನ್ನು ಅವನು ಎತ್ತುವುದಿಲ್ಲ. ಬೇರೆ ಯಾರಾದರೂ ಎತ್ತಿದರೆ ಎದ್ದು ಹೋಗಿ ಮಶಿನ್ ನೋಡುತ್ತಾನೆ.

೧೮ ಸೆಪ್ಟೆಂಬರ್, ಭಾನುವಾರ

ನಿನ್ನೆ ಮಧ್ಯಾಹ್ನ ಗಿರಿಧರ್ ಮನೆಯಲ್ಲಿ ಊಟ. ಇಲ್ಲಿನ ಕನ್ನಡದವರ ಎಂಟು ಹತ್ತು ಕುಟುಂಬ. ಕೆಲಸ ಹೋದ ವಿಷಯ ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿದೆ ಎಂಬುದು ಅದರಿಂದಲೇ ಗೊತ್ತಾಯಿತು. ಗಿರಿಧರನ ಮಗ ಮಾತ್ರ ನನ್ನ ಪಕ್ಕ ಬಂದು ಕೂತು, ಪ್ರಾಗ್‌ನಲ್ಲಿ ಸರ್ಕಾರ ಬಿದ್ದಾಗ ನೀವು ಅಲ್ಲಿದ್ದಿರಂತೆ, ಹೌದೇ ಎಂದು ಇಂಗ್ಲಿಷಿನಲ್ಲಿ ಕೇಳಿದ.

ಹೇಳಿದೆ. ಸಾವಿರಾರು ವಿದ್ಯಾರ್ಥಿಗಳು ಮೇಣದಬತ್ತಿ ಹಿಡಿದು ಬಂದದ್ದು, ಪೊಲೀಸರು ಬೀದಿಯ ಎರಡೂ ತುದಿ ಕಟ್ಟಿ ಹೊಡೆದದ್ದು, ನಾವು ಯಾರದೋ ಮನೆಯ ಮೆಟ್ಟಿಲ ಮೇಲೆ ಅಡಗಿ ನಿಂತದ್ದು. ನೋಡನೋಡುತ್ತ ಹತ್ತು ಜನ ಸುತ್ತ ಸೇರಿದರು. "ಅದನ್ನೆಲ್ಲ ಪೇಪರ್‌ಗೆ ಬರೆದ್ರಾ ಅಂಕಲ್?" ಎಂದು ಯಾರೋ ಕೇಳಿದರು.

"ಬರೀದೆ ಇರ್ತೀನಾ" ಎಂದೆ.

ಕಾರಿನಲ್ಲಿ ಬರುವಾಗ ನಿರುಪಮಾ, "ಇವತ್ತು ತುಂಬಾ ದಿನ ಆದ್ಮೇಲೆ ಗೆಲುವಾಗಿದ್ರಿ" ಎಂದಳು.

೯ ಅಕ್ಟೋಬರ್, ಭಾನುವಾರ

ನಮ್ರತಾಳ ಫೋನ್. ಅಲ್ಲಿನ ಮೇಡಂ ಒಂದು ಕೆಲಸ ಕೊಟ್ಟಿದ್ದಾರಂತೆ: ೧೯೮೯ರ ನವೆಂಬರ್ ೧೭ನ್ನು, ಅಂದರೆ ವಿದ್ಯಾರ್ಥಿಗಳಿಗೆ ಪೊಲೀಸರು ಹೊಡೆದ ಆ ದಿನವನ್ನು, ನಿಮ್ಮ ನಿಮ್ಮ ಮನೆಮಾತಿನ ಪತ್ರಿಕೆಗಳು ಹೇಗೆ ವರದಿ ಮಾಡಿದವು, ಹುಡುಕಿ ಬರೆಯಿರಿ. ಇವಳ ಪಕ್ಕ ಕೂರುವ ಹುಡುಗಿ ಕೀವ್‌ನಿಂದ ಯುದ್ಧ ತಪ್ಪಿಸಿಕೊಂಡು ಬಂದವಳು. ಪಾಪ, ಆ ಹುಡುಗಿಗೆ ಹಳೆಯ ಪತ್ರಿಕೆ ತರಿಸಿಕೊಳ್ಳಲು ಮನೆಯೇ ಇಲ್ಲ. "ನಂದು ಈಸಿ ಅಪ್ಪಾ. ನನ್ನ ರಿಪೋರ್ಟರ್ ಮನೇಲೇ ಇದಾರೆ" ಎಂದಳು.

ಆ ಸಂಚಿಕೆ ನನ್ನ ಹತ್ತಿರ ಇಲ್ಲ ಎಂದೆ. ಅದು ನಿಜ. ಪತ್ರಿಕೆ ನಿಂತು ಇಪ್ಪತ್ತೆಂಟು ವರ್ಷವಾಯಿತು, ಸಂಪಾದಕರಾಗಿದ್ದ ರಾಚಯ್ಯನವರು ತೀರಿಕೊಂಡೂ ಹತ್ತು ವರ್ಷವಾಯಿತು. ಆದರೆ ಅವಳು ನನ್ನನ್ನು ಕೇಳುವ ಮುಂಚೆಯೇ ದಾವಣಗೆರೆಯಲ್ಲಿರುವ ನನ್ನ ಅಣ್ಣನ ಮಗ ಶ್ರೀಕರನಿಗೆ ಮೆಸೇಜ್ ಹಾಕಿದ್ದಾಳೆ. ಹಳೆಯ ಸಂಚಿಕೆಗಳನ್ನೆಲ್ಲ ಕಾರ್ಮಿಕ ಸಂಘದ ಕಚೇರಿಯಲ್ಲಿ ಬೈಂಡ್ ಮಾಡಿಸಿಟ್ಟಿದ್ದಾರಂತೆ. ಅವನು ಆ ಪುಟದ ಫೋಟೊ ತೆಗೆದು ಕಳಿಸಿದ್ದಾನೆ. ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬಾರದು. ಫೋನಿನ ಟ್ರಾನ್ಸ್‌ಲೇಟ್‌ಗೆ ಹಾಕಿದರೆ, ಶಾಯಿ ಹರಡಿದ ಹಳೆಯ ಅಚ್ಚಿಗೆ ಅದು ಎಮ್ಮೆ, ಕೊಡೆ ಎಂದೇನೋ ಹೇಳುತ್ತದಂತೆ. ಬರುವ ಶನಿವಾರ ನಾನೇ ಓದಿ ಇಂಗ್ಲಿಷಿನಲ್ಲಿ ಹೇಳಬೇಕು, ಅವಳು ರೆಕಾರ್ಡ್ ಮಾಡಿಕೊಳ್ಳುತ್ತಾಳೆ.

ಫೋಟೊವನ್ನು ದೊಡ್ಡದು ಮಾಡಿಕೊಂಡು ಓದಿದೆ.

'ನವೆಂಬರ್ ೧೭ರ ಸಂಜೆ ಪ್ರಾಗ್ ನಗರ ಎಂದಿನಂತೆ ಶಾಂತವಾಗಿತ್ತು. ಪಶ್ಚಿಮದ ರೇಡಿಯೊಗಳ ಮಾತಿಗೆ ಮರುಳಾದ ಬೆರಳೆಣಿಕೆಯ ಪುಂಡರು ಗದ್ದಲ ಎಬ್ಬಿಸಲು ನೋಡಿದರಾದರೂ ಪೊಲೀಸರು ಸಂಯಮದಿಂದ ಅವರನ್ನು ಚದುರಿಸಿದರು. ಇದನ್ನು ನಾನು ಕಣ್ಣಾರೆ ಕಂಡೆ.'

ಕೆಳಗೆ ನನ್ನ ಪೂರ್ತಿ ಹೆಸರು, ಸಂಗನಬಸಪ್ಪ ಎಂದು.

ಆ ಕಾಲಕ್ಕೆ ಹಾಗೆ ಬರೆಯಬೇಕಾಗುತ್ತಿತ್ತು. ಪತ್ರಿಕೆ ಯಾರದು, ಓದಿಸುತ್ತಿರುವವರು ಯಾರು ಎಂಬುದನ್ನೂ ನೋಡಬೇಕಲ್ಲ. ಇಲ್ಲಿ ಹುಟ್ಟಿ ಬೆಳೆದ ಮಗುವಿಗೆ ಅದನ್ನು ಫೋನಿನಲ್ಲಿ ಹೇಗೆ ವಿವರಿಸುವುದು?

೧೫ ಅಕ್ಟೋಬರ್, ಶನಿವಾರ

ಬೆಳಿಗ್ಗೆ ಎಂಟಕ್ಕೆ ನಮ್ರತಾ ವಿಡಿಯೊದಲ್ಲಿ ಬಂದಳು. ಅಲ್ಲಿ ಸಂಜೆ ಐದು. ನಿರುಪಮಾ ಯೋಗ ಕ್ಲಾಸಿಗೆ ಹೋಗಿದ್ದಳು.

ನಾನು ಆ ಫೋಟೊದಲ್ಲಿರುವುದನ್ನು ಓದಲಿಲ್ಲ.

ನಿನ್ನೆ ಗ್ಯಾರೇಜಿನಲ್ಲಿ ಗ್ರೀನ್ ಕಾರ್ಡ್ ಕಾಗದಗಳ ಪೆಟ್ಟಿಗೆಯ ತಳದಿಂದ ಒಂದು ಕಂದು ಕವರು ತೆಗೆದಿದ್ದೆ. ಅದರಲ್ಲಿ ನಾಲ್ಕು ಹಾಳೆಗಳಿವೆ. ಬರವಣಿಗೆ ಮೊಹಿಯುದ್ದೀನನದು. ಅದು ನನ್ನ ಬಳಿ ಇರುವುದು ನಿರುಪಮಾಗೂ ಗೊತ್ತಿಲ್ಲ.

ಆ ಶುಕ್ರವಾರ ನಾವಿಬ್ಬರೂ ಮೆರವಣಿಗೆ ನೋಡಲು ಹೋಗಿದ್ದೆವು. ಲಾಠಿ ಬೀಸಲು ಶುರುವಾದಾಗ ಒಬ್ಬ ಹೆಂಗಸು ನಮ್ಮನ್ನು ತೋಳು ಹಿಡಿದು ಬಾಗಿಲೊಳಗೆ ಎಳೆದುಕೊಂಡಳು. ಮೂರನೇ ಮಹಡಿಯ ಮೆಟ್ಟಿಲ ಕಿಟಕಿಯಿಂದ ಎಲ್ಲ ಕಂಡಿತು. ಮುಗಿದ ಮೇಲೆ ಕೆಳಗಿಳಿದು ಬಂದರೆ ಬೀದಿಯಲ್ಲಿ ಜನರಿರಲಿಲ್ಲ. ನಾನು ಬೇಗ ಹಾಸ್ಟೆಲ್ ಸೇರೋಣ ಎಂದು ಮುಂದೆ ನಡೆದೆ. ಅವನು ಹಿಂದೆ ಉಳಿದು ಏನನ್ನೋ ನೋಡುತ್ತಿದ್ದ.

ಮಾರನೇ ದಿನ ಶಾಲೆಯ ನಿರ್ದೇಶಕರು ಎಲ್ಲರನ್ನೂ ಕೂರಿಸಿ, ಊರಿಗೆ ಏನೇ ಬರೆದರೂ ಮೊದಲು ಆಫೀಸಿಗೆ ತೋರಿಸಬೇಕು ಎಂದರು. ನಾನು ನನ್ನದನ್ನು ತೋರಿಸಿದೆ. ಅವರೇ ಅದನ್ನು ಊರಿಗೆ ಟೆಲೆಕ್ಸ್ ತಂತಿಯಲ್ಲಿ ಕಳಿಸಿದರು. ಮೊಹಿಯುದ್ದೀನ್ ತೋರಿಸಲಿಲ್ಲ. ಅವನಿಗೆ ಚಳಿಜ್ವರ ಬಂದಿತ್ತು. ಹಾಸಿಗೆಯಲ್ಲೇ ಕೂತು ನಾಲ್ಕು ಹಾಳೆ ಬರೆದು, ಮೈಸೂರಿನ ಸಂಜೆಪತ್ರಿಕೆಯ ವಿಳಾಸ ಬರೆದು, ಕವರನ್ನು ನನ್ನ ಕೈಗೆ ಕೊಟ್ಟ. "ಇಲ್ಲಿನ ಡಬ್ಬಿಗೆ ಬೇಡ. ದೊಡ್ಡ ಪೋಸ್ಟ್ ಆಫೀಸಿಗೆ ಹೋಗಿ ಹಾಕು" ಎಂದ. ನಾನು ಟ್ರಾಮ್‌ನಲ್ಲಿ ಕವರು ಬಿಡಿಸಿ ಓದಿದೆ. ಅಂಚೆಗೆ ಹಾಕಲಿಲ್ಲ. ಸಿಕ್ಕಿಬಿದ್ದರೆ ಅವನನ್ನೂ ನನ್ನನ್ನೂ ಊರಿಗೆ ಅಟ್ಟುತ್ತಿದ್ದರು. ಕೋಣೆಗೆ ಬಂದಾಗ "ಹಾಕ್ದ್ಯಾ?" ಎಂದ. "ಹಾಕ್ದೆ" ಎಂದೆ. ನಾನು ಮಾಡಿದ್ದು ಅವನ ಒಳ್ಳೆಯದಕ್ಕೂ ಹೌದು.

ಇವತ್ತು ಆ ಹಾಳೆಗಳನ್ನು ಲ್ಯಾಪ್‌ಟಾಪ್ ಹಿಂದೆ ಇಟ್ಟುಕೊಂಡು ಒಂದೊಂದೇ ಸಾಲು ಇಂಗ್ಲಿಷಿಗೆ ಹೇಳಿದೆ. ನಮ್ರತಾ ಅಲುಗಾಡದೆ ಕೇಳುತ್ತಿದ್ದಳು. 'ಎಲ್ಲರೂ ಹೋದ ಮೇಲೆ ರಸ್ತೆಯಲ್ಲಿ ಕೈಗವಸುಗಳು ಉಳಿದಿದ್ದವು. ಇಪ್ಪತ್ತಮೂರು ಎಣಿಸಿದೆ. ಒಂದಕ್ಕೂ ಜೋಡಿಯಿರಲಿಲ್ಲ' ಎಂಬಲ್ಲಿಗೆ ಬಂದಾಗ, "ಅಪ್ಪಾ, ಆ ಸಾಲು ಇನ್ನೊಂದ್ಸಲ" ಎಂದಳು. ಮತ್ತೆ ಓದಿದೆ. ಅವಳ ಕಣ್ಣು ಒದ್ದೆಯಾಗಿತ್ತು. "ನೀವು ಇಷ್ಟು ಚೆನ್ನಾಗಿ ಬರೀತಿದ್ರಾ?" ಎಂದಳು. "ಮತ್ಯಾಕೆ ಬಿಟ್ರಿ?"

ಸ್ವಲ್ಪ ತಿದ್ದಿ ಓದಿದೆ, ಅಷ್ಟೆ. ನಡೆದದ್ದು ಅದೇ ತಾನೆ. ಅವಳಿಗೆ ಸಿಕ್ಕಿದ್ದು ನಿಜವಾದ ಸಂಗತಿಯೇ.

೧೭ ಅಕ್ಟೋಬರ್

ಊಟ ಸೇರಲಿಲ್ಲ. ಬೆನ್ನುನೋವು ಎಂದು ನಿರುಪಮಾಗೆ ಹೇಳಿದೆ.

೬ ನವೆಂಬರ್, ಭಾನುವಾರ

ಮೇಡಂಗೆ ನಮ್ರತಾಳ ಲೇಖನ ಬಹಳ ಹಿಡಿಸಿದೆಯಂತೆ. ಬೇರೆ ಮಕ್ಕಳಿಗೆ ಸಿಕ್ಕಿದ್ದೆಲ್ಲ ಸರ್ಕಾರದ ಸುಳ್ಳನ್ನು ಹಾಗೇ ಅಚ್ಚು ಹಾಕಿದ ಪತ್ರಿಕೆಗಳು. ದೂರದ ಒಂದು ಗಿರಣಿ ಊರಿನ ಕಾರ್ಮಿಕರ ಪತ್ರಿಕೆ ಮಾತ್ರ ಧೈರ್ಯವಾಗಿ ನಿಜ ಹೇಳಿತು ಎಂಬುದೇ ಅದರ ತಿರುಳು. ಹದಿನೇಳನೇ ತಾರೀಖು ವಿದ್ಯಾರ್ಥಿಗಳ ಪತ್ರಿಕೆಯಲ್ಲಿ ಹಾಕುತ್ತಾರೆ. ಅವಳ ಇಲ್ಲಿನ ಕಾಲೇಜಿನ ಪತ್ರಿಕೆಯೂ ಹಾಕುತ್ತದೆ.

"ಅಪ್ಪಾ, ಫ್ಯಾಕ್ಟ್ ಚೆಕ್ ಮಾಡ್ಬೇಕು. ಡೇಟು, ಹೆಸರು, ಎಲ್ಲ ಸರಿ ಇದ್ಯಾ ಒಂದ್ಸಲ ನೋಡಿ" ಎಂದು ಕರಡು ಕಳಿಸಿದಳು.

ಇವತ್ತು ಹೇಳಿಬಿಡಬಹುದಿತ್ತು. ಸಂಜೆಯವರೆಗೂ ಹೇಳೋಣ ಎಂದೇ ಇದ್ದೆ. ಆಮೇಲೆ ದಾವಣಗೆರೆಯ ಸ್ಪೆಲ್ಲಿಂಗ್ ತಪ್ಪಾಗಿತ್ತು, ಅದನ್ನು ಸರಿ ಮಾಡಿ ವಾಪಸ್ ಕಳಿಸಿದೆ.

೧೭ ನವೆಂಬರ್, ಗುರುವಾರ

ಬಂತು. ನನ್ನ ಇಪ್ಪತ್ತಾರನೇ ವಯಸ್ಸಿನ ಫೋಟೊ ಕೂಡ ಹಾಕಿದ್ದಾರೆ. ನಿರುಪಮಾ ಆಫೀಸಿನಿಂದಲೇ ಎಲ್ಲರಿಗೂ ಕಳಿಸಿದ್ದಾಳೆ, ಇಲ್ಲಿನ ಕನ್ನಡದವರ ಗುಂಪಿಗೂ ಹಾಕಿದ್ದಾಳೆ. ಮೂವತ್ತೆರಡು ಜನ ಕೈ ಮುಗಿದಿದ್ದಾರೆ.

ಸಂಜೆ ಬಂದವಳೇ, "ಮೂಲ ಕನ್ನಡದ್ದು ಎಲ್ಲಿ? ನಾನೂ ಓದ್ಬೇಕು" ಎಂದಳು. ಫೋಟೊ ಸ್ಪಷ್ಟವಾಗಿಲ್ಲ ಎಂದೆ. ಇವಳಿಗೂ ಸುಳ್ಳು ಹೇಳಿದ್ದಾಯಿತು.

೨೦ ನವೆಂಬರ್, ಭಾನುವಾರ

ಹನ್ನೊಂದು ಗಂಟೆಗೆ ಮೊಹಿಯುದ್ದೀನನ ಫೋನ್ ಬಂತು. ಅವನು ಫೋನ್ ಮಾಡುವವನಲ್ಲ.

"ಸಂಗಣ್ಣ, ಮಗು ಬರೆದಿದ್ದು ಓದ್ದೆ."

"ಹ್ಞೂಂ. ಚೆನ್ನಾಗಿ ಬರ್ದಿದಾಳೆ."

"ಇಪ್ಪತ್ಮೂರು ಗ್ಲೌಸು" ಎಂದ.

ನಾನು ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

"ಎಣಿಸಿದ್ದು ನಾನು. ನೀನು ಬಾ ಬಾ ಅಂತ ಮುಂದೆ ಹೋಗಿದ್ದೆ. ಅದನ್ನ ನಾನು ಬಾಯಲ್ಲಿ ಯಾರಿಗೂ ಹೇಳಿಲ್ಲ, ನಿಗಾರ್‌ಗೂ ಹೇಳಿಲ್ಲ. ಬರೆದಿದ್ದೆ, ಅಷ್ಟೆ." ಹಿಂದೆ ಮಶಿನ್ ಓಡುವ ಸದ್ದು ಕೇಳಿಸುತ್ತಿತ್ತು, ಯಾರೋ ಅದನ್ನು ನಿಲ್ಲಿಸಿದರು. "ಅದನ್ನ ನೀನು ಅಂಚೆಗೆ ಹಾಕ್ಲಿಲ್ವಾ?"

"ಇಲ್ಲ."

"ನಿನ್ ಹತ್ರಾನೇ ಇದ್ಯಾ?"

"ಇದೆ."

ಅವನು ಬೈಯುತ್ತಾನೆ ಎಂದು ಕಾದೆ. "ಸರಿ" ಎಂದು ಫೋನ್ ಇಟ್ಟ.

೨೧ ನವೆಂಬರ್, ಸೋಮವಾರ

ಏಳು ಗಂಟೆಗೆ ನಮ್ರತಾಳಿಗೆ ನಾನೇ ಫೋನ್ ಮಾಡಿದೆ. ನಿರುಪಮಾಳನ್ನೂ ಪಕ್ಕದಲ್ಲಿ ಕೂರಿಸಿಕೊಂಡೆ. ಒಂದೇ ಸಲ ಹೇಳಿದರೆ ಸಾಕು ಅನ್ನಿಸಿತು, ಎರಡು ಸಲ ಹೇಳುವ ಶಕ್ತಿ ಇರಲಿಲ್ಲ.

ಪತ್ರಿಕೆಯಲ್ಲಿರುವ ವರದಿಯನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಕನ್ನಡದಲ್ಲೇ ಓದಿದೆ. 'ಬೆರಳೆಣಿಕೆಯ ಪುಂಡರು' ಎಂಬುದು ಅವಳಿಗೆ ಅರ್ಥವಾಗಲಿಲ್ಲ, ಇಂಗ್ಲಿಷಿನಲ್ಲಿ ಹೇಳಿದೆ. ನಾಲ್ಕು ಹಾಳೆಗಳ ವಿಷಯವನ್ನೂ ಹೇಳಿದೆ.

ಅವಳು ಅಳದೆ, ದನಿ ಏರಿಸದೆ, ನನಗೆ ಪರಿಚಯವಿಲ್ಲದ ಒಂದು ದನಿಯಲ್ಲಿ ಪ್ರಶ್ನೆ ಕೇಳಿದಳು. ಯಾವ ತಾರೀಖಿಗೆ ಕವರು ಕೈಗೆ ಬಂತು? ಯಾವಾಗ ಓದಿದಿರಿ? ಅದು ನಿಮ್ಮ ಹತ್ತಿರ ಇರುವುದು ಬೇರೆ ಯಾರಿಗೆ ಗೊತ್ತು? ಬರೆದುಕೊಳ್ಳುತ್ತಿದ್ದಳು.

"ಸಿಕ್ಕಿಬಿದ್ರೆ ವಾಪಸ್ ಕಳಿಸ್ತಾರೆ ಅಂತ ಭಯ ಇತ್ತು, ಮರಿ" ಎಂದೆ.

"ಆದ್ರೆ ಡಿಸೆಂಬರ್ ಹೊತ್ತಿಗೆ ಆ ಗವರ್ನಮೆಂಟೇ ಇರ್ಲಿಲ್ಲ. ಆಗ ಯಾಕೆ ಪೋಸ್ಟ್ ಮಾಡ್ಲಿಲ್ಲ?"

"ಗೊತ್ತಿಲ್ಲ" ಎಂದೆ.

"ನಾನು ಎರಡು ಎಡಿಟರ್‌ಗಳಿಗೂ ಫೋನ್ ಮಾಡ್ಬೇಕು" ಎಂದು ಕಟ್ ಮಾಡಿದಳು.

ನಿರುಪಮಾ ಎದ್ದು ತಿಂಡಿಯ ತಟ್ಟೆಗಳನ್ನು ತೊಳೆಯತೊಡಗಿದಳು. ಬೆನ್ನು ತಿರುಗಿಸಿಕೊಂಡೇ, "ಅವರ ಮನೇಲಿ ನಾವು ಎಷ್ಟು ಸಲ ಊಟ ಮಾಡಿದೀವಿ ರೀ?" ಎಂದು ಕೇಳಿದಳು. ಹದಿನೆಂಟು ವರ್ಷದ ಈದ್ ಎಲ್ಲ ಅಲ್ಲೇ.

೨೬ ನವೆಂಬರ್, ಶನಿವಾರ

ಫೋನ್ ಮಾಡದೆ ವೆಸ್ಟ್ ಕೊವಿನಾಕ್ಕೆ ಹೋದೆ. ಥ್ಯಾಂಕ್ಸ್‌ಗಿವಿಂಗ್ ರಜೆ, ರಸ್ತೆ ತುಂಬ ಕಾರು. ಮೂರು ಗಂಟೆ ಹಿಡಿಯಿತು. ಬರುತ್ತಾ ಹೇಳಬೇಕಾದ ಮಾತುಗಳನ್ನೆಲ್ಲ ಜೋಡಿಸಿಕೊಂಡಿದ್ದೆ.

ಅಂಗಡಿಯಲ್ಲಿ ಅವನು ಮತ್ತು ನಿಗಾರ್ ಇದ್ದರು. ಕವರನ್ನು ಕೌಂಟರ್ ಮೇಲಿಟ್ಟೆ. ಅವನು ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ನಿಂತೇ ಓದಿದ. ನಾಲ್ಕೂ ಹಾಳೆ. ಎರಡನೇ ಹಾಳೆಯಲ್ಲಿ ಒಂದು ಕಡೆ ನಿಂತು, ಜೇಬಿನಿಂದ ಪೆನ್ನು ತೆಗೆದು ಒಂದು ದೀರ್ಘ ಹಾಕಿದ. ಮತ್ತೆ ಮುಂದಕ್ಕೆ ಓದಿದ.

"ಅಲ್ಲಿನ ಪೋಸ್ಟ್‌ನೋರು ತಗೊಂಡಿರ್ತಾರೆ ಅಂದ್ಕೊಂಡಿದ್ಯೇನೋ" ಎಂದೆ.

"ಇಲ್ಲ" ಎಂದ. "ಸೇರಿರುತ್ತೆ ಅಂತಾನೇ ಅಂದ್ಕೊಂಡಿದ್ದೆ. ನೀನೇ ಹಾಕಿದ್ಯಲ್ಲ. ಊರಿಗೆ ಹೋದ್ಮೇಲೆ ಎಡಿಟರ್ ಏನೂ ಹೇಳ್ಲಿಲ್ಲ. ಕೇಳೋಕೆ ನಂಗೆ ನಾಚ್ಕೆ. ಓದಿ, ಚೆನ್ನಾಗಿಲ್ಲ ಅಂತ ಬುಟ್ಟಿಗೆ ಹಾಕಿರ್ತಾರೆ ಅಂದ್ಕೊಂಡೆ. ಅಷ್ಟು ದೊಡ್ಡ ಸಂಗತಿ ಕಣ್ಣೆದುರಿಗೆ ನಡೆದು, ಅದನ್ನೂ ನಂಗೆ ಬರೆಯೋಕೆ ಬರ್ಲಿಲ್ಲ ಅಂದ್ರೆ ಇನ್ನೇನು ಬಂದೀತು. ಮಾಮನ ಪ್ರೆಸ್‌ಗೆ ಸೇರ್ಕೊಂಡೆ."

ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಇದಕ್ಕೆ ಹೊಂದುವುದು ಒಂದೂ ಇರಲಿಲ್ಲ. "ತಪ್ಪಾಯ್ತು, ಮೊಹಿಯುದ್ದೀನ್" ಎಂದೆ.

ಅವನು ಹಾಳೆಗಳನ್ನು ಕವರಿಗೆ ಹಾಕಿ ಡ್ರಾಯರಿನಲ್ಲಿಟ್ಟ. ಗಿರಾಕಿಯೊಬ್ಬ ಬಂದ, ಅವನ ಕಡೆಗೆ ಹೋದ. ನಿಗಾರ್ ನನ್ನ ಮುಖವನ್ನೇ ನೋಡುತ್ತಿದ್ದಳು, ಕೂತುಕೊಳ್ಳಿ ಎನ್ನಲಿಲ್ಲ.

೯ ಡಿಸೆಂಬರ್

ಎರಡೂ ಪತ್ರಿಕೆಗಳು ಲೇಖನ ತೆಗೆದಿವೆ. ಅದರ ಜಾಗದಲ್ಲಿ ಒಂದು ತಿದ್ದುಪಡಿ. 'ವರದಿಗಾರ್ತಿಯ ತಂದೆ ನೀಡಿದ ಅನುವಾದ ಸುಳ್ಳೆಂದು ತಿಳಿದುಬಂದಿದೆ.' ಸುಳ್ಳು ಎಂಬುದೇ ಸರಿಯಾದ ಪದ. ಆ ವಾಕ್ಯವನ್ನು ನಮ್ರತಾಳೇ ಬರೆದಳಂತೆ. ಅವಳಿಗೆ ಆ ವಿಷಯದಲ್ಲಿ ಗ್ರೇಡ್ ತಡೆಹಿಡಿದಿದ್ದಾರೆ, ಮತ್ತೆ ಬರೆದುಕೊಡಬೇಕು. ಕೀವ್ ಹುಡುಗಿ ಜೊತೆಗಿದ್ದು ಸಹಾಯ ಮಾಡುತ್ತಿದ್ದಾಳೆ ಎಂದು ಅಮ್ಮನಿಗೆ ಹೇಳಿದಳಂತೆ.

ನನಗೆ ಮೆಸೇಜ್ ಮಾತ್ರ ಬರುತ್ತದೆ. 'ಓಕೆ.' 'ನಾಟ್ ನೌ.'

೨೧ ಡಿಸೆಂಬರ್, ಬುಧವಾರ

ಮಗಳು ಬಂದಳು. ತೆಳ್ಳಗಾಗಿದ್ದಾಳೆ. ಏರ್‌ಪೋರ್ಟಿನಲ್ಲಿ ನನ್ನನ್ನೂ ತಬ್ಬಿಕೊಂಡಳು. ಆದರೆ ಮೊದಲಿನಂತೆ ಮುಂದಿನ ಸೀಟಿಗೆ ಬರದೆ ಹಿಂದೆ ಅಮ್ಮನ ಜೊತೆ ಕೂತಳು.

ಗಿರಿಧರ್ ಮನೆಯ ಹೊಸ ವರ್ಷದ ಊಟಕ್ಕೆ ನಾನು ಬರುವುದಿಲ್ಲ ಎಂದು ಹೇಳಿದ್ದೆ. ಆಮೇಲೆ ಯೋಚಿಸಿ, ಬರುತ್ತೇನೆ ಎಂದು ಹೇಳಿದೆ. ಆವತ್ತು ಅಲ್ಲಿ ಹೇಳಿದ್ದನ್ನು ಅಲ್ಲೇ ಹೋಗಿ ಸರಿಪಡಿಸಬೇಕಲ್ಲ.

೧ ಜನವರಿ ೨೦೨೩

ಗಿರಿಧರನ ಮಗನನ್ನು ಕರೆದು ಹೇಳಿದೆ. ಉಳಿದವರೂ ಕೇಳಿಸಿಕೊಂಡರು. ಯಾರೋ ಅನ್ನದ ಪಾತ್ರೆಯನ್ನು ಆ ಕಡೆಯಿಂದ ಈ ಕಡೆಗೆ ಇಟ್ಟರು. ಹುಡುಗ, "ಥ್ಯಾಂಕ್ಸ್ ಫಾರ್ ಟೆಲ್ಲಿಂಗ್ ಮಿ, ಅಂಕಲ್" ಎಂದ.

೭ ಜನವರಿ, ಶನಿವಾರ

ಮೊಹಿಯುದ್ದೀನನ ನಾಲ್ಕು ಹಾಳೆಗಳನ್ನು ನಮ್ರತಾ ಇಂಗ್ಲಿಷಿಗೆ ತರುತ್ತಿದ್ದಾಳೆ. ಅವನ ಹೆಸರಿನಲ್ಲೇ, ಅವನ ಒಪ್ಪಿಗೆ ಪಡೆದು. ಅವನು ಒಂದೊಂದು ಸಾಲನ್ನೇ ಓದಿ ಹೇಳಬೇಕು, ಇವಳು ಬರೆದುಕೊಳ್ಳಬೇಕು. ಅವಳ ಕಾರು ರಿಪೇರಿಗೆ ಹೋಗಿದ್ದರಿಂದ ನಾನು ಡ್ರೈವ್ ಮಾಡಿದೆ. ಅಂಗಡಿಯ ಮುಂದೆ ಇಳಿಯುವಾಗ, "ಅಂಕಲ್ ನಿಮ್ಮನ್ನ ಒಳಗೆ ಕರ್ಕೊಂಡ್ ಬಾ ಅಂತ ಹೇಳಿಲ್ಲ ಅಪ್ಪಾ" ಎಂದಳು. ಅವಳಿಗೂ ಆ ಮಾತು ಹೇಳಲು ಕಷ್ಟವಾಗಿತ್ತು. ಪರವಾಗಿಲ್ಲ, ಇಲ್ಲೇ ಇರುತ್ತೇನೆ ಎಂದೆ.

ಪಾರ್ಕಿಂಗ್‌ನಿಂದ ಅಂಗಡಿಯ ಗಾಜಿನ ಬಾಗಿಲು ಕಾಣುತ್ತದೆ. ಒಂದೂವರೆ ಗಂಟೆಯ ಮೇಲೆ ನಿಗಾರ್ ಚಹಾ ತಂದು ಕಿಟಕಿಯಲ್ಲಿ ಕೊಟ್ಟಳು. "ಅವರು ಕೊಡು ಅಂತ ಹೇಳಿಲ್ಲ ಅಣ್ಣಾ. ನಾನೇ ತಂದೆ" ಎಂದು ಹೇಳಿ ನಿಲ್ಲದೆ ಹೋದಳು.

ಚಹಾ ಕುಡಿದಾದ ಮೇಲೆ ಕಪ್ಪು ಕೈಯಲ್ಲಿ ಉಳಿಯಿತು. ಪಿಂಗಾಣಿಯ ಕಪ್ಪು, ಅವರ ಮನೆಯದು. ಆಮೇಲೆ ಇಳಿದು ಹೋಗಿ ಬಾಗಿಲು ತಳ್ಳಿದೆ.

ಮೊಹಿಯುದ್ದೀನ್ ಓದುವುದನ್ನು ನಿಲ್ಲಿಸಿದ. ನಮ್ರತಾ ಲ್ಯಾಪ್‌ಟಾಪಿನಿಂದ ತಲೆ ಎತ್ತಿದಳು. ನಾನು ಕಪ್ಪನ್ನು ಕೌಂಟರಿನ ಮೇಲಿಟ್ಟು ತಿರುಗಿದೆ.

"ಒಂದು ಕೇಳ್ತೀನಿ" ಎಂದ ಹಿಂದಿನಿಂದ.

ನಿಂತೆ.

"ಇಷ್ಟು ವರ್ಷದಲ್ಲಿ ಇದನ್ನ ಓದಿರೋನು ನೀನೊಬ್ನೇ. ಟ್ರಾಮಲ್ಲಿ ಓದಿದೆ ಅಂತ ಮಗು ಹೇಳ್ತು. ಆವತ್ತು ಓದಿದಾಗ ಹೆಂಗಿತ್ತು ನಿಂಗೆ?"

ಭಯವಾಯಿತು ಎನ್ನಲು ಬಾಯಿ ತೆರೆದೆ. ಇಷ್ಟು ದಿನ ಎಲ್ಲರಿಗೂ ಹೇಳಿದ್ದು ಅದನ್ನೇ, ಈ ನೋಟ್‌ಬುಕ್ಕಿನಲ್ಲಿ ಬರೆದದ್ದೂ ಅದನ್ನೇ. ಆದರೆ ಅವನು ಕೇಳಿದ್ದು ಅದಲ್ಲ.

"ಚೆನ್ನಾಗಿತ್ತು" ಎಂದೆ. "ನನ್ನದನ್ನ ಹಿಂದಿನ ದಿನಾನೇ ಟೆಲೆಕ್ಸ್ ಮಾಡಿಸಿದ್ದೆ. ನಿಂದು ಓದಿದ್ಮೇಲೆ ಗೊತ್ತಾಯ್ತು, ನಾನು ನಿಜಾನೇ ಬರೆದಿದ್ರೂ ಹಿಂಗೆ ಬರೆಯೋಕೆ ಆಗ್ತಿರ್ಲಿಲ್ಲ ಅಂತ. ಮೂರು ವಾರದಲ್ಲಿ ಆ ಸರ್ಕಾರಾನೇ ಬಿತ್ತು, ಭಯ ಎಲ್ಲ ಹೋಗಿತ್ತು. ಕವರು ಪೆಟ್ಟಿಗೇಲಿತ್ತು. ಪ್ರತಿ ದಿನ ನೋಡ್ತಿದ್ದೆ. ನಿಂದು ಅಚ್ಚಾಗಿ, ನಂದೂ ಅಚ್ಚಾಗಿ, ಎರಡನ್ನೂ ಒಬ್ಬರೇ ಓದಿಬಿಟ್ರೆ ಅಂತ ಹಾಕ್ಲಿಲ್ಲ."

ನಮ್ರತಾಳ ಬೆರಳುಗಳು ಕೀಲಿಗಳ ಮೇಲೆ ಹಾಗೇ ನಿಂತಿದ್ದವು. ಅವಳು ಅದನ್ನು ಬರೆದುಕೊಳ್ಳಲಿಲ್ಲ.

ಮೊಹಿಯುದ್ದೀನ್ ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿದ. ಒರೆಸುತ್ತಲೇ ಇದ್ದ.

"ಹಾಕದಿದ್ರೂ ಹೋಗ್ಲಿ" ಎಂದ ಕೊನೆಗೆ. "ಚೆನ್ನಾಗಿದೆ ಕಣೋ ಅಂತ ಆವತ್ತು ಒಂದ್ಮಾತು ಹೇಳಿದ್ರೆ ಸಾಕಾಗಿತ್ತು."

ಅವನು ನನ್ನ ಉತ್ತರಕ್ಕೆ ಕಾಯಲಿಲ್ಲ. ಕನ್ನಡಕ ಹಾಕಿಕೊಂಡು ಹಾಳೆಯನ್ನು ಬೆಳಕಿಗೆ ಹಿಡಿದು, "ಎಲ್ಲಿಗೆ ನಿಲ್ಸಿದ್ವಿ, ಮಗಾ?" ಎಂದು ನಮ್ರತಾಳನ್ನು ಕೇಳಿದ.

ನಾನು ಹೊರಗೆ ಬಂದು ಕಾರಿನಲ್ಲಿ ಕೂತೆ. ಗಾಜಿನಾಚೆ ಅವನು ಓದುವುದು ಕಾಣುತ್ತಿತ್ತು, ಕೇಳಿಸುತ್ತಿರಲಿಲ್ಲ. ಒಂದೊಂದು ಸಾಲು ಮುಗಿದಾಗಲೂ ಅವಳು ಏನೋ ಕೇಳುತ್ತಿದ್ದಳು, ಅವನು ಕೈ ಎತ್ತಿ ವಿವರಿಸುತ್ತಿದ್ದ. ಅವರಿಗೆ ಯಾವ ಅವಸರವೂ ಇದ್ದಂತಿರಲಿಲ್ಲ. ಮುಗಿಸುವ ಹೊತ್ತಿಗೆ ಐದು ಗಂಟೆಯಾಯಿತು.